ಟಕ್ಕನೆ ಹೇಳುವವರು

ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಅಕ್ಕಪಕ್ಕದ ಅಂಗಡಿಯವರೆಲ್ಲ ಊದುಬತ್ತಿ ಹಚ್ಚುತ್ತಾರೆ. ನಾನು ಲ್ಯಾಪ್‌ಟಾಪ್ ತೆರೆದು ಕಪ್ಪು ಪರದೆ ಹಾಕುತ್ತೇನೆ. ಊದುಬತ್ತಿ ಆಮೇಲೆ. ದೇವರ ಮೇಲೆ ಅಸಡ್ಡೆಯೇನಿಲ್ಲ, ಇದೊಂದು ಚಟ. ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮನೆಮನೆಗೆ ಇಂಟರ್‌ನೆಟ್ ವೈರು ಎಳೆದುಕೊಡುವುದು, ರೂಟರ್ ಕೂರಿಸುವುದು, ನೆಟ್ ಸ್ಲೋ ಎಂದು ಫೋನ್ ಮಾಡಿದವರಿಂದ ಬೈಸಿಕೊಳ್ಳುವುದು, ಇಷ್ಟು ನನ್ನ ಉದ್ಯೋಗ. ಓದಿದ್ದು ಒಂಬತ್ತನೇ ಕ್ಲಾಸು. ಹತ್ತಕ್ಕೆ ಸೇರಿದ್ದೆ, ಆದರೆ ಅದನ್ನು ಓದು ಎನ್ನಲಾಗದು.

ಆ ಪರದೆಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವುದಕ್ಕೆ ಗುಂಡಿಯೂ ಇಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಅಕ್ಷರಗಳು. ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ತನ್ನ ಪಾಡಿಗೆ ಕೆಲಸ ಶುರು ಮಾಡುತ್ತದೆ. ಏನು ಕೆಲಸವೆಂದು ಹೇಳುತ್ತೇನೆ, ಹೆದರಬೇಡಿ. ನನಗೇ ಅರ್ಥವಾದದ್ದು ನಿಮಗೆ ಆಗದೆ ಇರುವುದಿಲ್ಲ. ನೀವು ಫೋನಿನಲ್ಲಿ ಯಾವುದೋ ಹೆಸರು ಹೊಡೆಯುತ್ತೀರಿ, ರೈಲಿನದೋ ದಿನಪತ್ರಿಕೆಯದೋ. ಮನುಷ್ಯರಿಗೆ ಹೆಸರು ಗೊತ್ತು, ಯಂತ್ರಗಳಿಗೆ ಗೊತ್ತಿರುವುದು ನಂಬರು ಮಾತ್ರ. ಈ ಹೆಸರಿನವರ ಮನೆ ನಂಬರು ಯಾವುದು ಎಂದು ಹೇಳಲು ನಡುವೆ ಒಬ್ಬರು ಬೇಕು. ಹಾಗೆ ಹೇಳುವವರಿಗೆ ಡಿಎನ್‌ಎಸ್ ಸರ್ವರ್ ಎಂದು ಹೆಸರು. ಅಂಥವರು ಒಬ್ಬಿಬ್ಬರಲ್ಲ, ಲೋಕದ ತುಂಬ ಇದ್ದಾರೆ. ನನ್ನ ಕಪ್ಪು ಪರದೆ ಅವರಲ್ಲಿ ಹತ್ತಾರು ಜನರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ, ಯಾರು ಎಷ್ಟು ಹೊತ್ತಿಗೆ ಬಾಯಿ ಬಿಟ್ಟರು ಎಂದು ಸಾಲಾಗಿ ಬರೆಯುತ್ತದೆ. ಬೇಗ ಹೇಳಿದವರು ಮೇಲೆ, ತಡವಾದವರು ಕೆಳಗೆ. ಏನೂ ಹೇಳದವರ ಎದುರಿಗೆ ಟೈಮ್‌ಔಟ್ ಎಂದು ಹಾಕಿ ಮುಂದಕ್ಕೆ ಹೋಗುತ್ತದೆ. ಮೇಲೆ ಬಂದವರನ್ನು ನಾನು ಗಿರಾಕಿಗಳ ರೂಟರಿಗೆ ಹಾಕುತ್ತೇನೆ. ಹೇಳಿದ ಉತ್ತರ ಸರಿಯೋ ತಪ್ಪೋ ಎಂದು ಅದು ನೋಡುವುದಿಲ್ಲ. ಅದು ಅದರ ಕೆಲಸವಲ್ಲ.

ಇದನ್ನು ಕಲಿಸಿದ್ದು ನೆಟ್ ಕಂಪನಿಯ ಕೋಲಾರದ ಆಫೀಸಿನಿಂದ ಆಗಾಗ ಬರುವ ಅಮ್ಜದ್ ಭಾಯ್. ಒಂದು ದಿನಕ್ಕೆಂದು ಕಲಿಸಿದ್ದನ್ನು ನಾನು ದಿನವೂ ಮಾಡುವುದು ಕಂಡು ಅವರಿಗೆ ನಗು.

"ಏನ್ ಎಂಕಟೇಶ್ ಭಾಯ್, ದಿನಾ ಇದೇ ನೋಡ್ತೀಯಲ್ಲ, ಇದೇನ್ ಪಿಕ್ಚರ್ರಾ?"

ಅವರಿಗೆ ನಾನು ಉತ್ತರ ಹೇಳಲಿಲ್ಲ. ಟಕ್ಕನೆ ಉತ್ತರ ಹೇಳದೆ ನಾನು ಬಿಟ್ಟ ಪ್ರಶ್ನೆಗಳು ಬಹಳ ಕಡಿಮೆ, ಅದರಲ್ಲಿ ಇದೊಂದು. ನಿಜ ಹೇಳಬೇಕೆಂದರೆ ಆ ಪರದೆಯಲ್ಲಿ ನಾನು ನೋಡುವುದು ಮೇಲಿನ ಸಾಲುಗಳನ್ನಲ್ಲ. ಕೊನೆಯಲ್ಲಿರುವ, ಬಾಯಿ ಬಿಡುವ ಮೊದಲೇ ಲೆಕ್ಕದಿಂದ ಹೊರಗೆ ಹೋದ ಸಾಲನ್ನು. ಅಲ್ಲಿ ನಮ್ಮಕ್ಕ ಕೂತಿರುತ್ತಾಳೆ.

ಅಕ್ಕನ ಹೆಸರು ಮುನಿರತ್ನ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ ನಮ್ಮದು ಸ್ವಲ್ಪ ತೋಟ, ಒಂದು ಹುಳದ ಮನೆ. ರೇಷ್ಮೆಹುಳದ ಮನೆ ಎಂದು ಬಿಡಿಸಿ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದಳು. ಅಪ್ಪ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುತ್ತಿದ್ದ. ಸಿಟ್ಟು ಬಂದಾಗ ಎರಡನ್ನೂ ಕಲಸಿ ಬಡಿಸುತ್ತಿದ್ದ. ಅಪ್ಪನಿಗೆ ಚುರುಕು ಅಂದರೆ ಪ್ರಾಣ. "ಕೇಳಿದ್ರೆ ಟಕ್ ಅಂತ ಹೇಳ್ಬೇಕು ನನ್ಮಗಂದು!" ಎನ್ನುತ್ತಿದ್ದ. ನಾನು ಟಕ್ಕನೆ ಹೇಳುತ್ತಿದ್ದೆ. ಏನು ಕೇಳಿದರು ಎಂದು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೇಳುತ್ತಿದ್ದೆ.

ಅಕ್ಕ ಹಾಗಲ್ಲ. "ಊಟ ಮಾಡ್ತೀಯೇನೇ?" ಎಂದು ಕೇಳಿದರೂ ತಡವಾಗಿ ಹೇಳುವವಳು. ಹಸಿವಾಗಿದೆಯೇ ಎಂದು ಹೊಟ್ಟೆಯನ್ನು ವಿಚಾರಿಸಿಕೊಂಡು ಬಂದು ಹೇಳುತ್ತಾಳೇನೋ ಎನಿಸುತ್ತಿತ್ತು. ಸ್ಕೂಲಿನಲ್ಲಿ ಮೇಷ್ಟ್ರು ಲೆಕ್ಕ ಕೇಳಿ, ಅವಳು ಬಾಯಿ ತೆರೆಯುವ ಹೊತ್ತಿಗೆ ಮೂರು ಬೆಂಚು ದಾಟಿ ಹೋಗಿರುತ್ತಿದ್ದರು. ಮೂರನೇ ಬೆಂಚಿನವಳು ತಪ್ಪು ಹೇಳಿ ಏಟು ತಿನ್ನುವಾಗ ಅಕ್ಕ ಹಿಂದಿನಿಂದ ಸರಿ ಉತ್ತರ ಹೇಳುತ್ತಿದ್ದಳು. ಕೇಳದೆ ಇರುವಾಗ ಮಾತಾಡಿದ್ದಕ್ಕೆ ಅವಳಿಗೂ ಒಂದು ಏಟು. ಏಳನೇ ಕ್ಲಾಸು ಮುಗಿದ ಮೇಲೆ ಅಪ್ಪ ಬಿಡಿಸಿದ. "ಮಂದಬುದ್ಧಿಗೆ ಓದ್ಯಾತಕ್ಕೆ" ಎಂದು ಯಾರೋ ಅಂದರು. ಯಾರೋ ಏಕೆ, ನಾನೇ ಅಂದೆ.

ನನ್ನ ಬುದ್ಧಿಯ ಕತೆಯನ್ನೂ ಕೇಳಿ. ಸುಗಟೂರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ನಾವು ಹುಡುಗರು ಕೂತಿರುತ್ತಿದ್ದೆವು. ಬಂದವರು ದಾರಿ ಕೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ನೀರು ಕೇಳಿದವರಿಗೆ ಇಲ್ಲ ಎಂದಷ್ಟೇ ಅವಮಾನ. ಹಾಗಾಗಿ ಎಲ್ಲರೂ ಕೈ ತೋರಿಸುತ್ತಾರೆ. ಒಮ್ಮೆ ಒಂದು ಟೆಂಪೋ ತುಂಬ ನಾಮಕರಣದ ಮಂದಿ ಬಂದು ಒಂದು ಹಳ್ಳಿಯ ಹೆಸರು ಹೇಳಿದರು. ನಾನು ಟಕ್ಕನೆ ಎಡಕ್ಕೆ ಕೈ ಮಾಡಿದೆ. ಅವರು ಧೂಳೆಬ್ಬಿಸಿಕೊಂಡು ಹೋದರು. ಕ್ಯಾನಿನಲ್ಲಿ ಹಾಲು ಹೊತ್ತು ಡೇರಿಗೆ ಹೊರಟಿದ್ದ ಅಕ್ಕ ನಿಂತು, ಯೋಚಿಸಿ, "ಲೇ, ಆ ಹೆಸ್ರಿನ ಊರು ಎರಡೈತಲ್ಲೋ, ಮಗು ಯಾರ ಮನೇದು ಅಂತ ಕೇಳಿದ್ಯಾ?" ಎಂದಳು. ಟೆಂಪೋ ಮಧ್ಯಾಹ್ನ ಹಿಂದಕ್ಕೆ ಬಂತು. ನಾಮಕರಣ ಮುಗಿದು ಊಟದ ಎಲೆಯೂ ಎತ್ತಿದ್ದರಂತೆ. ಅವರು ನನ್ನನ್ನು ಹುಡುಕುವಷ್ಟರಲ್ಲಿ ನಾನು ಮೋಟರ್ ಮನೆಯ ಹಿಂದೆ. ಓಟದಲ್ಲೂ ಚುರುಕೇ.

ಇನ್ನು ಹುಳದ ಮನೆ. ರೇಷ್ಮೆಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತುಬಿಡುತ್ತದೆ. ಸೊಪ್ಪು ಮುಟ್ಟುವುದಿಲ್ಲ. ನೋಡಿದವರಿಗೆ ಸೋಮಾರಿ ಬಿದ್ದಿದೆ ಅನಿಸಬೇಕು. ಒಳಗೆ ಅದು ಹಳೆಯ ಚರ್ಮ ಬಿಟ್ಟು ಹೊಸತು ಹೊಲಿದುಕೊಳ್ಳುತ್ತಿರುತ್ತದೆ. ಆಗ ಸೊಪ್ಪು ಹಾಕಬಾರದು. ಎಲ್ಲ ಹುಳವೂ ಎದ್ದ ಮೇಲೆಯೇ ಹಾಕಬೇಕು. ಒಂದು ಸಲ ಅಪ್ಪ ಕೋಲಾರಕ್ಕೆ ಹೋಗಿದ್ದಾಗ ನಾನು ತಟ್ಟೆಗಳ ಮೇಲೆ ಬುಟ್ಟಿ ಸೊಪ್ಪು ಸುರಿಯಲು ಹೋದೆ. ಅಲ್ಲೊಂದು ಇಲ್ಲೊಂದು ಹುಳ ಎದ್ದಿತ್ತು. ಅಕ್ಕ ಅಡ್ಡ ನಿಂತಳು.

"ಬೇಡ ಕಣೋ. ಇನ್ನೂ ತಲೆ ಎತ್ಕೊಂಡೇ ಅವೆ."

"ಎದ್ದಿರೋವು ಹಸ್ಕೊಂಡು ಸಾಯ್ಬೇಕಾ?"

"ಹಸಿವು ತಡ್ಕೊಳ್ತವೆ. ಮೇಲೆ ಸೊಪ್ಪು ಬಿದ್ರೆ ಕೂತಿರೋವು ತಡ್ಕೊಳಲ್ಲ."

ನಾನು ಸುರಿದೆ. ಆ ಸಲ ಬೆಳೆ ಒಂದೇ ಸಮ ಬರಲಿಲ್ಲ. ಅರ್ಧ ಹುಳ ಹಣ್ಣಾಗಿ ಗೂಡು ಕಟ್ಟುವಾಗ ಇನ್ನರ್ಧ ಸಣಕಲಾಗಿ ಒದ್ದಾಡಿ ಸತ್ತವು. ಸೊಪ್ಪು ಸುರಿದದ್ದು ಯಾರೆಂದು ಅಪ್ಪ ಕೇಳಿದ. ಅಕ್ಕ ಯೋಚಿಸುತ್ತ ನಿಂತಳು. ನನ್ನನ್ನು ಉಳಿಸುವುದು ಹೇಗೆಂದು ಯೋಚಿಸುತ್ತಿದ್ದಳು ಎಂದು ಈಗ ಅನಿಸುತ್ತದೆ. ನಾನು ಟಕ್ಕನೆ "ಅಕ್ಕ" ಎಂದೆ.

ಸಣ್ಣವನಿದ್ದೆ ಎಂದು ನೀವು ಕ್ಷಮಿಸಬಹುದು. ಬೇಡ, ಮುಂದೆ ಕೇಳಿ.

ಅಕ್ಕನ ಮದುವೆಯ ಮಾತು ಬಂದದ್ದು ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ. ಹುಡುಗ ಅಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರು ಹೇಳಿಕಳಿಸಿದ ಮೇಲೆ ಅಪ್ಪ ಮೊದಲು ಮಾಡಿದ ಕೆಲಸ ಗಂಗಮ್ಮನ ಗುಡಿಯಲ್ಲಿ ಹೂವು ಕೇಳಿದ್ದು. ಪೂಜಾರಿ ದೇವಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂವು ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ನಾವೆಲ್ಲ ಬೆಳಿಗ್ಗೆಯೇ ಹೋಗಿ ಕೈಮುಗಿದು ಕೂತೆವು. ಹೂವು ಬೀಳಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಹೂವು ಬೀಳಲಿಲ್ಲ. ಸಿಟ್ಟಿನ ಮುದ್ದೆಯಾದ ನಮ್ಮಪ್ಪ ಅವತ್ತು ಮಗುವನ್ನು ರಮಿಸುವ ಹಾಗೆ, "ಇವ್ವಮ್ಮಾ ತಲ್ಲೀ, ಕುಡಿಪಕ್ಕ ಇವ್ವು, ತೊಂದರ ಲೇದು" ಎನ್ನುತ್ತಿದ್ದ. ಕೊಡು ತಾಯಿ, ಬಲಗಡೆ ಕೊಡು, ಅವಸರವಿಲ್ಲ ಎಂದು. ನಾನೂ ಉಸಿರು ಬಿಗಿಹಿಡಿದು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಹೂವು ಜಾರಿತು. ದೇವಿ ಒಪ್ಪಿದಳೋ, ಹೂವು ಒಣಗಿತೋ. ಅದನ್ನು ಕೇಳುವಷ್ಟು ಕೊಬ್ಬು ನನಗಿಲ್ಲ. ಕಲ್ಲಿನ ದೇವಿ ಬಾಯಿ ಬಿಡಲೆಂದು ನಾವು ಅರ್ಧ ದಿನ ಕಾದೆವು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಆಮೇಲೆ ಅವರು ಹೆಣ್ಣು ನೋಡಲು ಬಂದರು. ಹುಡುಗನ ದೊಡ್ಡಪ್ಪ ಅವರ ಕಡೆಯ ಯಜಮಾನ, ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಮಾತು ಮುಗಿಯಿತು, ಕಾಫಿ ಬಂತು. ದೊಡ್ಡಯ್ಯ ಲೋಟ ಕೆಳಗಿಟ್ಟು, ಚಾಪೆಯ ಅಂಚಿನಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದರು.

"ಏಮ್ಮಾ, ತಲೆ ಎತ್ತು. ನಮ್ಮುಡ್ಗ ಒಪ್ಪಿಗೇನಾ? ನೀನೇ ಬಾಯ್ಬಿಟ್ಟು ಹೇಳು. ಆಮೇಲೆ ನನ್ನ ಯಾರೂ ಕೇಳ್ಲಿಲ್ಲ ಅನ್ಬಾರ್ದು."

ಅಕ್ಕ ತಲೆ ಎತ್ತಿದಳು. ಹುಡುಗನ ಕಡೆ ನೋಡಿದಳು. ಆತ ಬಾಗಿಲ ಕಡೆ ನೋಡುತ್ತಿದ್ದ. ಮನೆ ಸುಮ್ಮನಾಯಿತು. ಹೊರಗೆ ಹಸು ಕತ್ತು ಒದರಿದ ಗಂಟೆ ಕೇಳಿಸಿತು. ಇನ್ನಷ್ಟು ಹೊತ್ತು ಸುಮ್ಮನಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಯಾರದೂ ಏನೂ ಮುಳುಗುತ್ತಿರಲಿಲ್ಲ. ಆದರೆ ನನಗೆ ಒಳಗೆ ಕೆರೆತ ಶುರುವಾಯಿತು.

"ಒಪ್ಪಿಗೆ ದೊಡ್ಡಯ್ಯಾ!" ಎಂದೆ. "ನಮ್ಮಕ್ಕಂದು ಮಾತು ಬಾಯಿಗೆ ಬರೋವಷ್ಟ್ರಲ್ಲಿ ನಿಮ್ಗೆ ಕೋಲಾರದ ಬಸ್ಸೇ ತಪ್ಪೋಗ್ತದೆ!"

ಎಲ್ಲರೂ ನಕ್ಕರು. ಆ ನಗು ಈಗಲೂ ನನಗೆ ಕೇಳಿಸುತ್ತದೆ, ಯಾಕೆಂದರೆ ಅದರಲ್ಲಿ ನನ್ನದೂ ಇತ್ತು. "ಚುರುಕಾಗವ್ನೆ ಕಣಯ್ಯಾ ನಿನ್ ಮಗ" ಎಂದು ದೊಡ್ಡಯ್ಯ ಅಪ್ಪನ ತೊಡೆ ತಟ್ಟಿದರು. ಅಪ್ಪ ಉಬ್ಬಿದ. ಎಲೆ ಅಡಿಕೆ ಬಂತು. ಅಕ್ಕನ ತುಟಿ ಆಗಷ್ಟೇ ತೆರೆದಿತ್ತು, ಮುಚ್ಚಿಕೊಂಡಿತು. ಬೇರೆ ಯಾರೂ ನೋಡಲಿಲ್ಲ. ನಾನು ನೋಡಿದೆ. ಎಷ್ಟೋ ವರ್ಷ ಇದಕ್ಕೊಂದು ದೊಡ್ಡ ಕಾರಣ ಹುಡುಕಿದ್ದೇನೆ. ಆಸೆಯೋ, ಹೊಟ್ಟೆಕಿಚ್ಚೋ, ಏನಾದರೂ ಸಿಕ್ಕಿದ್ದರೆ ಮನಸ್ಸಿಗೆ ಹಗುರಾಗುತ್ತಿತ್ತು. ಏನೂ ಸಿಗಲಿಲ್ಲ. ಚುರುಕಾಗಿದ್ದಾನೆ ಅನ್ನಿಸಿಕೊಳ್ಳುವ ತೀಟೆ, ಅಷ್ಟೇ.

ಭಾವ ಕೆಟ್ಟವರೆಂದು ಹೇಳಲಾರೆ. ಹೊಡೆಯಲಿಲ್ಲ, ಬೈಯಲಿಲ್ಲ, ಮಾತೂ ಆಡಲಿಲ್ಲ. ಕಾರ್ಖಾನೆಯಲ್ಲಿ ಜೊತೆಗಿದ್ದ ಬೇರೆ ಜಾತಿಯ ಹುಡುಗಿಯೊಬ್ಬಳನ್ನು ಮೊದಲೇ ಮೆಚ್ಚಿದ್ದರು. ತಾಯಿ ಬಾವಿಗೆ ಬೀಳುತ್ತೇನೆ ಎಂದು ಹೆದರಿಸಿದ್ದಕ್ಕೆ ನಮ್ಮ ಮನೆಗೆ ಬಂದು ಬಾಗಿಲ ಕಡೆ ನೋಡುತ್ತ ಕೂತಿದ್ದರು. ಇದೆಲ್ಲ ಗೊತ್ತಾದದ್ದು ಆಮೇಲೆ. ಸ್ವಲ್ಪ ಕಾಲ ಒಂದೇ ಮನೆಯಲ್ಲಿದ್ದು, ಬಳಿಕ ಅವರು ಆ ಹೆಂಗಸಿನ ಜೊತೆ ಮಾಲೂರಿನಲ್ಲಿ ಮನೆ ಮಾಡಿದರು. ಅಕ್ಕ ಲಕ್ಕೂರಿನಲ್ಲಿ ಅತ್ತೆಯ ಜೊತೆ ಉಳಿದಳು. ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಂಡಳು. ಅತ್ತೆ ಹೋದ ಮೇಲೆ ಒಂದು ಟ್ರಂಕು ಹಿಡಿದು ಮುಳಬಾಗಿಲಿಗೆ ನನ್ನ ಮನೆಗೆ ಬಂದಳು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಅಪ್ಪ ಸಾಯುವ ಮೊದಲು, "ಗಂಗಮ್ಮ ಬಲಗಡೇನೇ ಕೊಟ್ಲಲ್ಲೋ" ಎಂದು ಎಷ್ಟೋ ಸಲ ಕೇಳಿದ್ದ. ಗಂಗಮ್ಮನ ಮೇಲೆ ಹಾಕಲಿ ಬಿಡು ಎಂದು ನಾನು ಸುಮ್ಮನಿದ್ದೆ. ನೋಡಿ, ಸುಮ್ಮನಿರಲು ನನಗೂ ಬರುತ್ತದೆ.

ಮತ್ತೆ ಕಪ್ಪು ಪರದೆಗೆ ಬರುತ್ತೇನೆ. ಹೋದ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಒಬ್ಬ ಮಂಡಿ ಸಾಹುಕಾರರಿಗೆ ನಾನು ಕನೆಕ್ಷನ್ ಕೊಟ್ಟಿದ್ದೆ. ನನ್ನ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ ಸರ್ವರನ್ನೇ ಅವರ ರೂಟರಿಗೆ ಹಾಕಿದ್ದೆ. ಒಂದು ಬೆಳಿಗ್ಗೆ ಫೋನು.

"ಏನ್ಲಾ ಎಂಕಟೇಶ, ನಿನ್ ನೆಟ್ಟು ಹೋದೊರ್ಷದ ಮಾವಿನ್ ರೇಟು ತೋರಿಸ್ತೈತಲ್ಲೋ! ಹೋದೊರ್ಷದ ಹಣ್ಣು ಎಲ್ಲಿಂದ ತರ್ಲಿ, ನಿಮ್ಮಪ್ಪನ್ ಸಮಾಧಿಯಿಂದ್ಲಾ?"

ಹೋಗಿ ನೋಡಿದರೆ ನಿಜ. ದರ ತೋರಿಸುವ ಪುಟದವರು ಮನೆ ಬದಲಾಯಿಸಿದ್ದರು, ಅಂದರೆ ನಂಬರು ಬದಲಾಗಿತ್ತು. ನನ್ನ ಚುರುಕು ಸರ್ವರ್ ಮಾತ್ರ ಹಳೆಯ ಮನೆಗೇ ದಾರಿ ತೋರಿಸುತ್ತಿತ್ತು. ಅಮ್ಜದ್ ಭಾಯಿಗೆ ಫೋನ್ ಮಾಡಿದೆ. ಅವರು ನಕ್ಕರು.

"ಅರೆ ಭಾಯ್, ಟಕ್ ಅಂತ ಹೇಳೋನು ಹೆಂಗೆ ಹೇಳ್ತಾನೆ? ಹಿಂದೆ ಯಾರೋ ಕೇಳಿದ್ದನ್ನ ನೆನಪಲ್ಲಿ ಇಟ್ಕೊಂಡಿರ್ತಾನೆ, ಅದನ್ನೇ ಹೇಳ್ತಾನೆ. ಲೇಟಾಗಿ ಹೇಳೋನು ಸುಮ್ನೆ ಕೂತಿರಲ್ಲ. ಬುಡದವರ್ಗೂ ಹೋಗಿ ವಿಚಾರಿಸ್ಕೊಂಡ್ ಬಂದು ಹೇಳ್ತಾನೆ. ನೀನು ಅವನ್ನ ಸ್ಲೋ ಅಂತೀಯ."

ಅವರು ಫೋನಿಟ್ಟ ಮೇಲೆ ಆ ಮಂಡಿಯಲ್ಲಿ, ಮಾವಿನ ಕ್ರೇಟುಗಳ ನಡುವೆ ಕೂತು, ರೂಟರಿಗೆ ಬೇರೆ ಸರ್ವರ್ ಹಾಕಿದೆ. ಹೆಣ್ಣು ನೋಡಲು ಬಂದರೆ ಹುಡುಗಿ ಒಪ್ಪಿಯೇ ಒಪ್ಪುತ್ತಾಳೆ ಎಂದು ನನಗೆ ಯಾರು ಹೇಳಿದ್ದರು? ಊರಿನಲ್ಲಿ ಎಲ್ಲ ಹುಡುಗಿಯರೂ ಒಪ್ಪಿದ್ದರು. ಆ ನೆನಪಿನಿಂದ ಹೇಳಿದ್ದೆ. ಹಳೆಯ ಸರಕು. ಅಕ್ಕ ಬುಡದವರೆಗೂ ಹೋಗಿದ್ದಳು, ವಾಪಸು ಬರುತ್ತಿದ್ದಳು, ನಾನು ಬಾಗಿಲು ಹಾಕಿದೆ. ಅವತ್ತಿನಿಂದ ನನಗೆ ಬುದ್ಧಿ ಬಂತು ಎಂದು ನಾನು ತಿಳಿದುಕೊಂಡೆ.

ಬಂದಿತ್ತೋ ಇಲ್ಲವೋ ನೀವೇ ಹೇಳಿ. ಈಚೆಗೆ ಭಾವ, ದೊಡ್ಡಯ್ಯ ಮತ್ತು ಇನ್ನೊಬ್ಬ ಹಿರಿಯರು ನಮ್ಮ ಮನೆಗೆ ಬಂದರು. ಭಾವನಿಗೆ ಆ ಹೆಂಗಸಿನಿಂದ ಮಗಳಿದ್ದಾಳೆ, ದೊಡ್ಡವಳಾಗುತ್ತಿದ್ದಾಳೆ. ಅಕ್ಕ ಒಪ್ಪಿದರೆ ಕೋರ್ಟಿನಲ್ಲಿ ಇಬ್ಬರೂ ಸೇರಿ ಬಿಡುಗಡೆ ಪಡೆಯಬಹುದು, ಆ ಮಗುವಿನ ತಾಯಿಯನ್ನು ಕಾನೂನಿನ ಪ್ರಕಾರ ಮದುವೆಯಾಗಬಹುದು ಎಂದು ಕೇಳಲು ಬಂದಿದ್ದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ದೊಡ್ಡಯ್ಯನಿಗೆ ಈಗ ಕಣ್ಣು ಮಂಜು. ಅಕ್ಕ ಕೂತಿದ್ದ ಕಡೆಗೆ ಅಂದಾಜಿನಲ್ಲಿ ತಿರುಗಿದರು.

"ಏಮ್ಮಾ ರತ್ನಾ, ಏನಂತೀಯ? ಒಪ್ಪಿಗೇನಾ?"

ಅದೇ ಮಾತು. ಅಕ್ಕ ತಲೆ ಎತ್ತಿ ಭಾವನನ್ನು ನೋಡಿದಳು. ಮನೆ ಸುಮ್ಮನಾಯಿತು.

ನಾನು ಎದ್ದು ನಿಂತೆ. "ಸಾಧ್ಯಾನೇ ಇಲ್ಲ!" ಎಂದೆ. "ಒಂದ್ಸಲ ನಮ್ಮಕ್ಕನ ಬಾಳು ಹಾಳು ಮಾಡಿದ್ದು ಸಾಲ್ದಾ? ಅವಳು ಒಪ್ಪಲ್ಲ. ಆ ಹೆಂಗಸು ಹಂಗೇ ಇರ್ಲಿ ಜೀವನ ಪೂರ್ತಿ. ಏಳಿ ಮೇಲೆ!"

ಕೊನೆಗೂ ಅಕ್ಕನ ಪರವಾಗಿ ನಿಂತೆ ಎಂಬ ಸಂತೋಷ. ಹಳೆಯ ಒಪ್ಪಿಗೆಯನ್ನು ಇವತ್ತಿನ ಇಲ್ಲ ಎಂಬ ಮಾತಿನಿಂದ ಅಳಿಸಿದೆ ಎಂದುಕೊಂಡೆ. ಅವರು ಎದ್ದು ಚಪ್ಪಲಿ ಮೆಟ್ಟಿದರು. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹೊಗಳಿಕೆ ಬಯಸುವ ನಾಯಿಯ ಹಾಗೆ ಹಿಂದೆ ಹೋದೆ. ಅವಳು ಅವರು ಕುಡಿಯದೆ ಬಿಟ್ಟ ಕಾಫಿ ಚೆಲ್ಲುತ್ತಿದ್ದಳು.

"ಇನ್ನೂ ಬಿಸಿ ಐತೆ ಕಣೋ," ಎಂದಳು. "ಅವತ್ತೂ ಆರಿರ್ಲಿಲ್ಲ."

"ಅವತ್ತು ನಾನು ತಪ್ಪು ಮಾಡ್ದೆ ಅಕ್ಕ. ನೀನು ಬೇಡ ಅನ್ನೋಳಿದ್ದೆ ಅಲ್ವಾ? ಅದಕ್ಕೇ ಇವತ್ತು..."

ಅಕ್ಕ ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡಳು. ಈ ಸಲ ನನ್ನಲ್ಲಿ ಮಾತು ಮುಗಿದಿದ್ದರಿಂದ ಅವಳ ಮಾತಿಗೆ ಜಾಗವಾಯಿತು.

"ಬೇಡ ಅನ್ನೋಳೂ ಅಲ್ಲ, ಬೇಕು ಅನ್ನೋಳೂ ಅಲ್ಲ. ಅವ್ರನ್ನ ಒಂದ್ಮಾತು ಕೇಳೋಳಿದ್ದೆ."

"ಏನಂತ?"

"ನಿಮ್ಗೆ ಒಪ್ಪಿಗೇನಾ ಅಂತ. ಬಂದಾಗಿಂದ ಬಾಗ್ಲ ಕಡೇನೇ ನೋಡ್ತಿದ್ರು. ಎಲ್ರೂ ನನ್ನೇ ಕೇಳಿದ್ರಿ. ಅವ್ರನ್ನ ಯಾರೂ ಕೇಳ್ಲಿಲ್ಲ. ಹೆಣ್ಣಾಗಿ ಹೆಂಗೆ ಕೇಳೋದು ಅಂತ ಮಾತು ಜೋಡಿಸ್ಕೊಳ್ತಿದ್ದೆ. ನೀನು ನಗಿಸ್ಬಿಟ್ಟೆ."

"ಕೇಳಿದ್ರೆ ಹೇಳ್ತಿದ್ರಾ?"

"ಗೊತ್ತಿಲ್ಲ" ಎಂದಳು ಅಕ್ಕ. ನಮ್ಮ ಸೀಮೆಯಲ್ಲಿ ನನಗೆ ಗೊತ್ತಿರುವ ಹಾಗೆ ಗೊತ್ತಿಲ್ಲ ಎಂದು ಹೇಳಬಲ್ಲವಳು ಅವಳೊಬ್ಬಳೇ.

ಒಂದು ಮಾತು. ಅದನ್ನು ಕೇಳಿದ್ದರೆ ಇಬ್ಬರ ಬಾಳು ಬೇರೆಯಾಗುತ್ತಿತ್ತೋ ಏನೋ. ಲಕ್ಕೂರಿನ ಆ ಮನೆಯಲ್ಲಿ ಅವಳು ಕಳೆದ ಕಾಲವನ್ನು ನಾನು ಒಂದು ನಗುವಿಗೆ ಮಾರಿದ್ದೆ. ಇವತ್ತು ಏನನ್ನು ಮಾರಿದೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಕ್ಕ, "ನಾಳೆ ಲಕ್ಕೂರಿಗೆ ಹೋಗ್ತೀನಿ" ಎಂದಳು.

"ನಾನೂ ಬರ್ತೀನಿ ಅಕ್ಕ."

"ಬ್ಯಾಡ."

ಅಕ್ಕ ಇಷ್ಟು ಬೇಗ ಉತ್ತರ ಕೊಟ್ಟದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಬೆಳಿಗ್ಗೆ ಅವಳನ್ನು ಕೋಲಾರದ ಬಸ್ಸು ಹತ್ತಿಸಿದೆ. ಅಲ್ಲಿಂದ ಮಾಲೂರು, ಅಲ್ಲಿಂದ ಲಕ್ಕೂರು. ಕಿಟಕಿಯ ಹತ್ತಿರ ಸೀಟು ಬೇಕಾ ಎಂದು ಕೇಳಿ ನಾನೇ ಟವಲು ಹಾಕಿ ಹಿಡಿದೆ. ಆಮೇಲೆ ಅಂಗಡಿಗೆ ಬಂದು ದಿನವಿಡೀ ಕಪ್ಪು ಪರದೆಯಲ್ಲಿ ಅದೇ ಪರೀಕ್ಷೆ ಮಾಡುತ್ತ ಕೂತೆ. ಮಧ್ಯಾಹ್ನ ದಾಟಿದ ಮೇಲೆ ದೊಡ್ಡಯ್ಯನ ಫೋನು ಬಂತು.

"ನಿಮ್ಮಕ್ಕ ಬಂದಿದ್ಲಪ್ಪ. ನಿಮ್ ಭಾವನ್ನೂ ಮಾಲೂರಿಂದ ಕರೆಸ್ಕೊಂಡಿದ್ವಿ. ಈಗ್ಲೇ ಬಸ್ಸಿಗೆ ಹೋದ್ಲು. ಒಪ್ಕೊಂಡ್ಲು."

"ಒಪ್ಕೊಂಡ್ಲಾ?"

"ಹೂಂ. ಕೇಳಿದ್ಮೇಲೆ ಎಷ್ಟೊತ್ತು ಸುಮ್ನೆ ಕೂತಿದ್ಲು ಅಂತೀಯಾ! ಕರೆಂಟು ಹೋಯ್ತು, ಬಂತು. ನಾವೂ ಸುಮ್ನೆ ಕೂತಿದ್ವಿ. ಆಮೇಲೆ ಇವ್ನ ಕಡೆ ತಿರುಗಿ, ನಿಮ್ಗೇನು ಬೇಕು, ನಿಮ್ ಬಾಯಲ್ಲೇ ಹೇಳಿ ಅಂದ್ಲು. ಅವ್ನು ಅತ್ಬಿಟ್ಟ ಕಣಪ್ಪಾ. ಇಷ್ಟು ವರ್ಷದಲ್ಲಿ ನನ್ನ ಯಾರೂ ಕೇಳಿರ್ಲಿಲ್ಲ ಅಂತ ಅತ್ತ. ಎಲ್ಲಾ ಹೇಳ್ದ. ಕೇಳಿಸ್ಕೊಂಡ್ಲು. ಆಗ್ಲಿ, ನಂಗೂ ಇದ್ರಿಂದ ಬಿಡುಗಡೆ ಬೇಕಾಗೈತೆ ಅಂದ್ಲು. ಅಷ್ಟೇ." ದೊಡ್ಡಯ್ಯ ಯಾವ ಕಹಿಯೂ ಇಲ್ಲದ ದನಿಯಲ್ಲಿ ಸೇರಿಸಿದರು: "ನೀನು ಬರ್ದೇ ಇದ್ದದ್ದು ಒಳ್ಳೇದಾಯ್ತು ಬಿಡಪ್ಪ."

ಅಂದರೆ ಎರಡು ಸಲ ಅಕ್ಕನ ಬದಲು ನಾನು ಉತ್ತರ ಹೇಳಿದೆ. ಎರಡು ಸಲವೂ ತಪ್ಪು ಮನೆಗೆ ದಾರಿ ತೋರಿಸಿದೆ. ಒಪ್ಪಿಗೆ ಎಂದಾಗಲೂ ತಪ್ಪು, ಒಪ್ಪಲ್ಲ ಎಂದಾಗಲೂ ತಪ್ಪು. ಎರಡೇ ಉತ್ತರವಿರುವ ಪ್ರಶ್ನೆಗೆ ಎರಡನ್ನೂ ತಪ್ಪು ಹೇಳಿದವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ಬಸ್ಸಿಳಿದು ಅಕ್ಕ ನೇರ ಅಂಗಡಿಗೆ ಬಂದಳು. ಮುಖ ಧೂಳಾಗಿತ್ತು. ಸ್ಟೂಲು ಎಳೆದು ಕೂತಳು.

"ಕಾಫಿ ಕುಡೀತೀಯಾ ಅಕ್ಕ, ಟೀನಾ?" ಎಂದು ಕೇಳಿ, ಎದುರಿನ ಹೋಟೆಲಿನ ಕಡೆ ಕೈ ಎತ್ತಿ, "ಎರಡು ಟೀ!" ಎಂದು ಕೂಗಿದೆ.

ಅಕ್ಕ ಲ್ಯಾಪ್‌ಟಾಪಿನ ಕಡೆ ನೋಡುತ್ತಿದ್ದಳು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡುತ್ತಿದ್ದವು.

"ಇದೇನೋ ಇದು?"

ಹೇಳಿದೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತದೆ, ಯಾರು ಬೇಗ ಹೇಳುತ್ತಾರೋ ನೋಡುತ್ತದೆ ಎಂದೆ. ಅವಳು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು.

"ಇವ್ರು ಇನ್ನೂ ಹೇಳೇ ಇಲ್ವಲ್ಲ."

"ಎರಡು ಸೆಕೆಂಡು ಕಾಯ್ತದೆ ಅಕ್ಕ. ಆಮೇಲೆ ಬಿಟ್ಟು ಮುಂದಕ್ಕೆ ಹೋಗ್ತದೆ."

"ಎರಡು ಸೆಕೆಂಡಾ?"

"ಹೂಂ."

ಅಕ್ಕ ಆ ಸಾಲನ್ನು ನೋಡುತ್ತ ಕೂತಳು. ಹೋಟೆಲಿನವನು ಟೀ ತಂದಿಟ್ಟು ಹೋದ. ಹೊರಗೆ ತಿರುಪತಿ ಕಡೆಯ ಬಸ್ಸೊಂದು ಹಾರ್ನ್ ಹೊಡೆದು ಹೊರಟಿತು. ಪರೀಕ್ಷೆ ಮುಗಿದು ಪರದೆ ಸುಮ್ಮನಾಯಿತು.

"ಪರ್ವಾಗಿಲ್ಲ ಕಣೋ," ಎಂದಳು. "ಅಷ್ಟಾದ್ರೂ ಕಾಯ್ತದಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಟಕ್ಕನೆ ಹೇಳುತ್ತಿದ್ದೆ. ತಲೆ ತಗ್ಗಿಸಿ ಲೋಟ ಹಿಡಿದುಕೊಂಡೆ. ಮತ್ತೂ ಸ್ವಲ್ಪ ಹೊತ್ತಾದ ಮೇಲೆ ಅಕ್ಕ, ನಾನು ಕೇಳಿ ಮರೆತಿದ್ದ ಮಾತಿಗೆ ಉತ್ತರ ಹೇಳಿದಳು.

"ಕಾಫಿ."

ಅವಳ ಮುಂದಿದ್ದ ಟೀಗೆ ಆಗಲೇ ಕೆನೆ ಕಟ್ಟಿತ್ತು. ಬೆರಳಿನಿಂದ ಕೆನೆ ಸರಿಸಿ, ಅದನ್ನೇ ಕುಡಿದಳು.